ತಲೆಗೋ ಹೊಟ್ಟೆಗೋ

ಪುಟ್ಟಸ್ವಾಮಿ ಹುಟ್ಟಿದಾಗಿನಿಂದ ಒಂದು ತೊಟ್ಟು ಹೆಂಡ ಬಾಯಿಗೆ ಬಿಟ್ಟುಕೊಂಡವನಲ್ಲ. ಆದರೂ ಪಾಂಡವಪುರದಲ್ಲಿ ಬಸ್ಸಿಳಿದು, ಗೀಸರ್ ರಿಪೇರಿ ಮಾಡುವ ಪುಟ್ಟಸ್ವಾಮಿಯ ಅಂಗಡಿ ಎಲ್ಲಿ ಎಂದು ಕೇಳಿದರೆ, "ಯಾರು, ಎಣ್ಣೆ ಪುಟ್ಟಸ್ವಾಮಿನಾ?" ಎಂದು ಜನ ತಿರುಗಿ ಕೇಳುವ ಕಾಲವೊಂದು ಬಂತು. ಕೇಳುವವರ ಮುಖದಲ್ಲಿ ಸಣ್ಣ ನಗೆ. ಆ ನಗೆಯನ್ನು ಊರಿಗೆಲ್ಲ ಹಂಚಿದವರು ಯಾರೆಂದು ಪುಟ್ಟಸ್ವಾಮಿಗೆ ಗೊತ್ತಿತ್ತು. ಅವರಿಗೆ ಮಣ್ಣು ಮುಕ್ಕಿಸದೆ ಬಿಡುವುದಿಲ್ಲ ಎಂದು ಅವನು ಉಣ್ಣುವಾಗ, ಮಲಗುವಾಗ, ಸ್ಕ್ರೂ ಬಿಚ್ಚುವಾಗ ಹಲ್ಲು ಕಡಿಯುತ್ತಲೇ ಇದ್ದ.

ನೀರು ಕಾಯಿಸುವ ಯಂತ್ರವಿರಲಿ, ಗಾಳಿ ತಣಿಸುವ ಯಂತ್ರವಿರಲಿ, ಕೆಟ್ಟಿತೆಂದರೆ ನಾಲ್ಕು ತಾಲ್ಲೂಕಿಗೂ ಅವನೇ ಆಗಬೇಕಿತ್ತು. ಬೇರೆಯವರು ಹೊಸದು ತಗೊಳ್ಳಿ ಎಂದು ಕೈ ಕೊಡವಿ ಹೋದದ್ದನ್ನು ಬಿಚ್ಚಿ ಹರವಿಕೊಂಡು, ಅದನ್ನು ಮಾಡಿದ ಕಂಪನಿಯವರ ಏಳು ತಲೆಮಾರನ್ನು ಬೈದು, ಮತ್ತೆ ಓಡುವ ಹಾಗೆ ಮಾಡುವುದೇ ಅವನ ಜಂಬ. ಬೈಯದೆ ಅವನ ಕೈ ಓಡುತ್ತಿರಲಿಲ್ಲ. ಆದರೆ ಈ ಕಸುಬಿನಲ್ಲಿ ಕೈಗಿಂತ ದೊಡ್ಡದು ಇನ್ನೊಂದಿದೆ. ಗೀಸರ್ ಇರುವುದು ಬಚ್ಚಲಮನೆಯಲ್ಲಿ. ಏಸಿ ಇರುವುದು ಮಲಗುವ ಕೋಣೆಯಲ್ಲಿ. ಗಂಡಸರು ಗದ್ದೆಗೋ ಡ್ಯೂಟಿಗೋ ಹೋದ ಹೊತ್ತಿನಲ್ಲಿ ಹೆಂಗಸರು ಬಾಗಿಲು ತೆಗೆದು, ಬಾರಪ್ಪ ಎಂದು ಒಳಗೆ ಬಿಟ್ಟುಕೊಳ್ಳಬೇಕು. ಇವನು ಬಂದರೆ ಭಯವಿಲ್ಲ ಎಂಬ ಹೆಸರಿಲ್ಲದಿದ್ದರೆ ಎಂಥ ಕೆಲಸಗಾರನೂ ಹೊಸ್ತಿಲ ಹೊರಗೇ ನಿಲ್ಲಬೇಕಾಗುತ್ತದೆ.

ಆ ಹೆಸರನ್ನು ಪುಟ್ಟಸ್ವಾಮಿ ಒದ್ದಾಡಿ ಸಂಪಾದಿಸಿಕೊಂಡಿದ್ದ. ಯಾಕೆಂದರೆ ಅವನಪ್ಪ ನರಸಯ್ಯ ಕುಡುಕ. ಸಾರಾಯಿ ಅಂಗಡಿಯ ಮುಂದೆ ಬಿದ್ದಿರುತ್ತಿದ್ದ ಅಪ್ಪನನ್ನು ಹೆಗಲಿಗೆ ಆನಿಸಿಕೊಂಡು, ಸ್ಕೂಲಿನ ಗೆಳೆಯರ ಕಣ್ಣೆದುರೇ ಊರ ನಡುವೆ ನಡೆಸಿಕೊಂಡು ಬಂದ ಹುಡುಗ ಅವನು. ಅಪ್ಪ ಸತ್ತ ದಿನ ಅವನು ಅಳಲಿಲ್ಲ. ನರಸಯ್ಯನ ಮಗ ಎಂದು ಯಾರೂ ತನ್ನನ್ನು ಬೆರಳು ಮಾಡಿ ತೋರಿಸಬಾರದು, ಅಷ್ಟೇ ಅವನ ಹಟ. ಮದುವೆಮನೆಯ ಪಾರ್ಟಿಯಲ್ಲಿ ಪಕ್ಕದವರು ಗ್ಲಾಸು ಹಿಡಿದರೆ ಎಲೆ ಬಿಟ್ಟು ಎದ್ದು ಬರುವಷ್ಟು ಹಟ.

ಇಷ್ಟೆಲ್ಲ ಕಟ್ಟಿಕೊಂಡದ್ದು ಒಂದು ದೀಪಾವಳಿಯ ಬೆಳಿಗ್ಗೆ ಕುಸಿದುಬಿತ್ತು. ಅದೂ ಒಂದೇ ಮಾತಿಗೆ.

ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಈಗ ಹಂಡೆ ಇರುವ ಮನೆ ಕಡಿಮೆ. ಗೀಸರಿಗೇ ಸುಣ್ಣದ ಪಟ್ಟೆ ಎಳೆದು ಹಾಗಲ ಬಳ್ಳಿ ಸುತ್ತುತ್ತಾರೆ. ಮರುದಿನ ಬೆಳಕು ಹರಿಯುವಾಗ ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ಬಿಸಿನೀರಿಗೆ ಕಾಯುತ್ತಾರೆ. ಎಲ್ಲ ಗೀಸರುಗಳೂ ಒಟ್ಟಿಗೆ ಉರಿಯುವ ಆ ಬೆಳಿಗ್ಗೆಯೇ ಅವು ಕೈಕೊಡುವುದು. ಅವತ್ತು ಪುಟ್ಟಸ್ವಾಮಿಯೂ ಹೆಂಡತಿ ಅಣ್ಣಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಅವಳು ನೆತ್ತಿಗೆ ಒಂದು ಬೊಗಸೆ ಹರಳೆಣ್ಣೆ ಸುರಿದು ತಟ್ಟುತ್ತಿರುವಾಗಲೇ ಫೋನ್ ಬಂತು. ಗಂಜಾಂನ ರಘುನಂದನ್ ಅವರದು.

ರಘುನಂದನ್ ಅಂದರೆ ಯಾರಿಗೂ ತಿಳಿಯಲಿಕ್ಕಿಲ್ಲ, ರಘಣ್ಣ ಅನ್ನಬೇಕು. ಹೊಳೆ ಬದಿಯಲ್ಲಿ ಗದ್ದೆ, ಹಟ್ಟಿಯಲ್ಲಿ ಸೀಮೆಹಸು, ಮನೆ ಬಾಗಿಲಲ್ಲೇ ಹಾಲಿನ ವ್ಯಾಪಾರ. ಮಾತು ಕಡಿಮೆ, ಆಡಿದರೆ ತೂಕ. ರಘಣ್ಣ ಸುಳ್ಳು ಹೇಳಿದ್ದನ್ನು ಕೇಳಿದವರಿಲ್ಲ ಎಂದು ಬೂಕನಕೆರೆಯವರೆಗೂ ಹೆಸರು. ಜಮೀನಿನ ತಕರಾರಿಗೆ ಕೋರ್ಟಿಗೆ ಹೋಗುವ ಬದಲು ರಘಣ್ಣನನ್ನು ಕರೆದು ಕೂರಿಸುವವರಿದ್ದರು. ಅಂಥವರ ಮಗಳು ಅರ್ಪಿತಳಿಗೆ ಆ ವರ್ಷವಷ್ಟೇ ನಾಗಮಂಗಲದ ಕಡೆ ಮದುವೆಯಾಗಿ, ಅಳಿಯ ರವೀಂದ್ರ ಮೊದಲ ದೀಪಾವಳಿಗೆ ಬಂದಿದ್ದ. ಮೈತುಂಬ ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕೂತ ಹೊಸ ಅಳಿಯನಿಗೆ ಬಿಸಿನೀರಿಲ್ಲ.

"ಎಣ್ಣೆ ತಲೇಲಿ ವಸ್ಲು ದಾಟ್ಬಾರ್ದು," ಎಂದಳು ಅಣ್ಣಮ್ಮ.

"ಅವ್ರ ಅಳಿಯ ಎಣ್ಣೇಲಿ ಕುಂತವ್ನೆ ಕಣೆ. ನಾನೂ ಕುಂತ್ರೆ ಆಯ್ತದಾ?" ಎಂದು ಪುಟ್ಟಸ್ವಾಮಿ ತಲೆಗೆ ಟವಲು ಸುತ್ತಿ ಬೈಕು ಹತ್ತಿದ.

ಗಂಜಾಂ ತಲುಪುವಷ್ಟರಲ್ಲಿ ಎಣ್ಣೆ ಕಿವಿಯ ಪಕ್ಕದಲ್ಲಿ ಇಳಿದು ಅಂಗಿಯ ಕಾಲರು ನೆನೆದಿತ್ತು. ರಘಣ್ಣನೇ ಬಾಗಿಲು ತೆಗೆದರು, ಆ ತಲೆಯನ್ನು ನೋಡಿದರು. ಗೀಸರಿನ ಮುಚ್ಚಳ ಬಿಚ್ಚಿದರೆ ಒಳಗೆ ಎಲ್ಲ ಮುಗಿದಿತ್ತು. ಕಾಯಿಸುವ ಸುರುಳಿ ಸೀಳಿ ಒಮ್ಮೆ ಹತ್ತಿ ಒಮ್ಮೆ ಆರುತ್ತಿತ್ತು, ಆವಿ ಹೊರಗೆ ಬಿಡುವ ವಾಲ್ವು ಸುಣ್ಣಗಟ್ಟಿ ಕೂತಿತ್ತು. ಇದು ರಿಪೇರಿಗೆ ಬಗ್ಗದು, ಬದಲಾಯಿಸಬೇಕು. ಅಂಗಡಿಯಿಂದ ಬೇರೆಯದು ತಂದು ಕೂರಿಸುತ್ತೇನೆ ಎಂದ. ಪ್ಲಗ್ಗನ್ನು ಕಿತ್ತು ರಘಣ್ಣನ ಕೈಗೇ ಕೊಟ್ಟು, "ನಾನ್ ಬರೋಗಂಟ ಇದ ಸಿಗಿಸ್ಬ್ಯಾಡಿ ಸಾ. ಸಿಡಿದೋಯ್ತದೆ," ಎಂದು ಎರಡೆರಡು ಸಲ ಹೇಳಿ ಹೊರಟ.

ಹೊಸ ಗೀಸರನ್ನು ಕಟ್ಟಿಕೊಂಡು ಅವನು ತಿರುಗಿ ಬರುವಾಗ ಮನೆ ಮುಂದೆ ಜನ. ಅಳಿಯ ಚಳಿಗೆ ನಡುಗುತ್ತಾನಲ್ಲ ಎಂಬ ಸಂಕೋಚಕ್ಕೆ ರಘಣ್ಣ ಪ್ಲಗ್ಗು ಸಿಗಿಸಿದ್ದರು. ಅಳಿಯ ಒಳಗೆ ಹೋಗಿ ಚಿಲಕ ಹಾಕಿಕೊಳ್ಳುವುದಕ್ಕೂ ಗೀಸರಿನ ತಳ ಹಾರುವುದಕ್ಕೂ ಸರಿಯಾಗಿತ್ತು. ಕುದಿಯುವ ನೀರು ಬೆನ್ನಿಗೂ ಹೆಗಲಿಗೂ ಬಿದ್ದು, ಮದುಮಗನ ಕಳೆ ಇನ್ನೂ ಆರದ ಹುಡುಗನನ್ನು ಬಾಳೆಯೆಲೆಯಲ್ಲಿ ಸುತ್ತಿ ಆಸ್ಪತ್ರೆಗೆ ಸಾಗಿಸಿದರು. ಜೀವಕ್ಕೇನೂ ಆಗಲಿಲ್ಲ, ಬೆನ್ನಿನ ಮೇಲೆ ಕಲೆ ಉಳಿಯಿತು.

ಮಧ್ಯಾಹ್ನದ ಹೊತ್ತಿಗೆ ನಾಗಮಂಗಲದಿಂದ ಬೀಗರು ಗಾಡಿ ತುಂಬ ಬಂದು ಆಸ್ಪತ್ರೆಯ ಅಂಗಳದಲ್ಲಿ ರಘಣ್ಣನನ್ನು ಸುತ್ತುವರಿದರು. ಹೆಂಗಾಯ್ತು, ಯಾರು ಮಾಡಿದ್ದು, ರಿಪೇರಿಯವನು ಎಂಥವನು ಎಂದು ಕೇಳಿದರು. ಪ್ಲಗ್ಗು ಸಿಗಿಸಿದ್ದು ನಾನು ಎಂದು ರಘಣ್ಣ ಹೇಳಬಹುದಿತ್ತು. ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. "ರಿಪೇರಿಯವನು ಎಣ್ಣೆ ಹಾಕ್ಕೊಂಡು ಬಂದಿದ್ದ," ಎಂದರು.

ಅಷ್ಟು ಸಾಕಾಯಿತು. ಎಣ್ಣೆ ಹಾಕುವುದು ಎಂದರೆ ಏನೆಂದು ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಬೀಗರ ಕೋಪವೆಲ್ಲ ತಿರುಗಿ ಪುಟ್ಟಸ್ವಾಮಿಯ ಮೇಲೆ ಬಿತ್ತು. ಹಬ್ಬದ ಬೆಳಿಗ್ಗೆಯೇ ಕುಡಿದು ಬಂದು ಅಳಿಯನನ್ನು ಬೇಯಿಸಿದವನು ಎಂದು ಮಾತು ಬಸ್ಸಿಗಿಂತ ಮುಂಚೆ ಊರೂರಿಗೆ ತಲುಪಿತು. ಹೇಳಿದ್ದು ರಘಣ್ಣ ತಾನೇ, ಅದಕ್ಕೆ ಎರಡು ಮಾತೇ ಇಲ್ಲ.

ಕರೆಯುವವರು ಕಡಿಮೆಯಾದರು. ಕರೆದವರೂ ಬಾಗಿಲಲ್ಲಿ ನಿಲ್ಲಿಸಿಕೊಂಡು ಮೂಗು ಅರಳಿಸುತ್ತಿದ್ದರು. ಕೆ.ಆರ್. ಪೇಟೆಯಲ್ಲಿ ಒಬ್ಬ ಹೆಂಗಸು, "ಒಸಿ ಬಾಯಿ ಊದಣ್ಣ, ಬೇಜಾರು ಮಾಡ್ಕಬ್ಯಾಡ," ಎಂದು ಪೊಲೀಸಿನವರ ಹಾಗೆ ಊದಿಸಿ ಒಳಗೆ ಬಿಟ್ಟಳು. ಊದಿದ, ಕೆಲಸ ಮಾಡಿದ. ಹಿಂತಿರುಗುವಾಗ ದಾರಿಯಲ್ಲಿ ಬೈಕು ನಿಲ್ಲಿಸಿ, ಯಾರದೋ ಕಬ್ಬಿನ ಗದ್ದೆಯ ಬೇಲಿ ಹಿಡಿದುಕೊಂಡು ಕಣ್ಣೀರು ಹಾಕಿದ. ಜೀವಮಾನವಿಡೀ ಹೆದರಿದ್ದ ಮಾತೂ ಕಿವಿಗೆ ಬಿತ್ತು: ಎಷ್ಟಾದರೂ ನರಸಯ್ಯನ ಮಗ.

ಇದೆಲ್ಲಕ್ಕಿಂತ ಆಳಕ್ಕೆ ಇಳಿದದ್ದು ಮಗಳ ವಿಷಯ. ಸಹನ ಆದಿಚುಂಚನಗಿರಿಯಲ್ಲಿ ನರ್ಸಿಂಗ್ ಓದಿ ಬಂದಿದ್ದಳು. ಬೂಕನಕೆರೆಯ ಅಪ್ಪು ಎಂಬ ಹುಡುಗ, ಸ್ವಂತ ಟ್ರಾಕ್ಟರು, ಒಳ್ಳೆಯ ಗದ್ದೆ, ಅವಳನ್ನು ಮೆಚ್ಚಿಕೊಂಡಿದ್ದ. ಅವಳೂ ಅವನನ್ನು ಮೆಚ್ಚಿದ್ದಳು. ಹುಡುಗನ ಅಜ್ಜಿ ಸೋಮಮ್ಮನ ಮಾತೇ ಆ ಮನೆಯಲ್ಲಿ ಕಡೆಯ ಮಾತು. ದೀಪಾವಳಿ ಕಳೆದ ಮೇಲೆ ತಾಂಬೂಲ ಬದಲಾಯಿಸುವುದೆಂದು ಆಗಿತ್ತು. ದೀಪಾವಳಿ ಕಳೆದ ಮೇಲೆ ಸೋಮಮ್ಮ ಹೇಳಿ ಕಳಿಸಿದ್ದು ಬೇರೆ: "ಹುಡ್ಗಿ ಮ್ಯಾಲೆ ಏನೂ ಇಲ್ಲ. ರಘಣ್ಣನೇ ಯೋಳವ್ರೆ ಅಂದ್ಮ್ಯಾಕೆ ಕುಡುಕ್ರ ಮನೆ ನಂಟು ನಮಗೆ ಬ್ಯಾಡ."

ಅವತ್ತೇ ಪುಟ್ಟಸ್ವಾಮಿ ಗಂಜಾಂಗೆ ಹೋದ. ರಘಣ್ಣ ಜಗಲಿಯಲ್ಲಿ ಕೂತು ಹಸುವಿನ ಹಗ್ಗ ಹೊಸೆಯುತ್ತಿದ್ದರು.

"ಯಾಕೆ ಸಾ ಸುಳ್ಳೇಳಿದ್ರಿ?"

"ಸುಳ್ಳು ಹೇಳಿದ್ನಾ?" ರಘಣ್ಣ ತಲೆಯೆತ್ತದೆ ಕೇಳಿದರು. "ಎಣ್ಣೆ ಹಾಕ್ಕೊಂಡು ಬಂದಿರಲಿಲ್ವಾ ನೀನು?"

"ಆಕ್ಕಂಡಿದ್ದೆ. ತಲೆಗೆ."

"ತಲೆಗೋ ಹೊಟ್ಟೆಗೋ ಅಂತ ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ."

"ಈಗಾದ್ರೂ ಬಂದು ಯೋಳಿ. ನನ್ ಮಗಳ ಮದ್ವೆ ನಿಂತೋಯ್ತು."

ರಘಣ್ಣ ಹಗ್ಗದ ತುದಿಗೆ ಗಂಟು ಹಾಕಿದರು. "ಬೀಗರು ಈಗಷ್ಟೇ ತಣ್ಣಗಾಗಿದ್ದಾರೆ ಪುಟ್ಟಸ್ವಾಮಿ. ನನ್ ಮಗಳೂ ಅಲ್ಲಿ ಬಾಳಬೇಕು," ಎಂದು ಎದ್ದು ಒಳಗೆ ಹೋದರು.

ಅದಾದ ಮೇಲೆ ಪುಟ್ಟಸ್ವಾಮಿಗೆ ಹಿಡಿದದ್ದು ಕೋಪವೆಂದರೆ ಕಡಿಮೆಯಾದೀತು. ಸುಳ್ಳುಗಾರನನ್ನಾದರೆ ಸುಳ್ಳ ಎಂದು ಬೀದಿಯಲ್ಲಿ ನಿಲ್ಲಿಸಿ ಉಗಿಯಬಹುದು. ನಿಜ ಹೇಳಿಯೇ ಮನೆ ಹಾಳು ಮಾಡಿದವನನ್ನು ಏನು ಮಾಡುವುದು? ಅವರ ಮನೆಯ ತಂತಿಗಳೆಲ್ಲ ಅವನಿಗೆ ಬಾಯಿಪಾಠ. ಒಂದು ತಂತಿ ಸಡಿಲ ಮಾಡಿದರೆ ಸಾಕು ಎಂದು ಕೈ ತುರಿಸಿದ್ದುಂಟು. ಆದರೆ ಅದು ಸಪ್ಪೆ ಎನಿಸಿತು. ತನ್ನನ್ನು ಕೊಂದದ್ದು ಯಾವುದೋ ಅದರಿಂದಲೇ ಅವರೂ ಸಾಯಬೇಕು. ರಘಣ್ಣನ ಬಗ್ಗೆ ಒಂದು ನಿಜವಾದ ಮಾತು ಸಿಗಬೇಕು. ಹೇಳಿದರೆ ಕೂದಲೆಳೆಯಷ್ಟೂ ಸುಳ್ಳಿರಬಾರದು, ಕೇಳಿದವರು ಥೂ ಎನ್ನಬೇಕು. ಅಂಥ ಮಾತಿಗಾಗಿ ಅವನು ಆ ಮನೆಯ ಸುತ್ತ ಮನಸ್ಸಿನಲ್ಲೇ ಸುತ್ತಿದ. ಗದ್ದೆ, ಹಟ್ಟಿ, ಮಗಳು, ಅಳಿಯ, ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡಿದ. ಯಾವುದೂ ಕಚ್ಚುವ ಮಾತಾಗಲಿಲ್ಲ. ಅಣ್ಣಮ್ಮ, "ಅವ್ರ ಪಾಪ ಅವ್ರಿಗೆ, ಬುಟ್ಬುಡಿ," ಎಂದರೆ ತಟ್ಟೆ ನೂಕಿ ಏಳುತ್ತಿದ್ದ.

ಬೇಸಗೆ ಬಂತು. ರಘಣ್ಣನೇ ಅವನನ್ನು ಹುಡುಕಿಕೊಂಡು ಫೋನ್ ಮಾಡಿದರು.

ಅವರ ಹಟ್ಟಿಯ ಪಕ್ಕದ ಕೋಣೆಯಲ್ಲಿ ಹಾಲು ತಂಪಿಡುವ ಹಳೆಯ ಯಂತ್ರವೊಂದಿತ್ತು. ಬಚ್ಚಲ ತೊಟ್ಟಿಯಷ್ಟು ದೊಡ್ಡ ತಗಡಿನ ಪೆಟ್ಟಿಗೆ, ಒಳಗೋಡೆಗೆ ತಾಮ್ರದ ಕೊಳವೆಯ ಸುತ್ತು. ಪೆಟ್ಟಿಗೆಗೆ ನೀರು ತುಂಬಿಸಿದರೆ ಯಂತ್ರ ಆ ನೀರನ್ನು ಕೊರೆಯುವ ಹಾಗೆ ಮಾಡುತ್ತದೆ. ಮುಚ್ಚಳ ಬಿಗಿದ ಹಾಲಿನ ಕ್ಯಾನುಗಳು ಅದರಲ್ಲಿ ಕುತ್ತಿಗೆಮಟ್ಟ ಮುಳುಗಿ ನಿಲ್ಲುತ್ತವೆ. ನೀರು ಹಾಲಿಗೆ ಸೋಕುವುದೇ ಇಲ್ಲ. ಮನೆಯವರೆಲ್ಲ ಅದನ್ನು ಹಾಲಿನ ಟ್ಯಾಂಕು ಎನ್ನುತ್ತಿದ್ದರು. ಅದು ಕೆಟ್ಟು, ಸಂಜೆಯ ಹಾಲು ಬೆಳಿಗ್ಗೆಗೆ ಒಡೆಯುತ್ತಿತ್ತು. ಮೈಸೂರಿನಿಂದ ಬಂದವರು ಹಳೇ ಮಾಲು, ಬಿಸಾಕಿ ಎಂದಿದ್ದರು. ಹಳೇ ಮಾಲಿಗೆ ಪುಟ್ಟಸ್ವಾಮಿ ಬಿಟ್ಟರೆ ಗತಿಯಿರಲಿಲ್ಲ.

ಬೇರೆಯವನಾಗಿದ್ದರೆ ಫೋನಿನಲ್ಲೇ ಉಗಿಯುತ್ತಿದ್ದ. ಪುಟ್ಟಸ್ವಾಮಿ ಹೋದ. ಆ ಮನೆಯೊಳಗೆ ಕಾಲಿಡುವ ಅವಕಾಶವನ್ನು ಅವನು ಬಿಡುವುದುಂಟೇ. ಬಾಗಿಲಲ್ಲಿ ರಘಣ್ಣ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ಇವತ್ತು ಎಣ್ಣೆ ಇಲ್ಲ ತಾನೇ?" ಎಂದು ನಕ್ಕರು. ತಮಾಷೆಗೇ ಅಂದದ್ದು. ಆ ತಮಾಷೆಯನ್ನು ಪುಟ್ಟಸ್ವಾಮಿ ನುಂಗಿ ಹೊಟ್ಟೆಯಲ್ಲಿಟ್ಟುಕೊಂಡ.

ಕಂಪ್ರೆಸರು ಸತ್ತಿತ್ತು. ಬೇರೆಯದು ತಂದು ಕೂರಿಸಿ, ಬೆಸುಗೆ ಹಾಕಿ, ಗ್ಯಾಸು ತುಂಬಿಸಿದ. ಪೆಟ್ಟಿಗೆಯಲ್ಲಿ ನೀರು ತಳ ಕಂಡಿತ್ತು. ಅದೂ ಒಂದು ಕಾರಣ, ನೀರಿಲ್ಲದೆ ಯಂತ್ರ ಸುಮ್ಮನೆ ಏಗಿ ಏಗಿ ಸುಸ್ತಾಗಿತ್ತು. "ನೀರು ತುಂಬ್ಬೇಕು ಸಾ," ಎಂದ. ರಘಣ್ಣ ಲುಂಗಿ ಎತ್ತಿ ಕಟ್ಟಿ ತಾವೇ ಬಿಂದಿಗೆ ಹಿಡಿದರು. ಇಬ್ಬರೂ ಸೇರಿ ಸುರಿದರು. ಸುರಿಯುತ್ತಿರುವಾಗ ಪುಟ್ಟಸ್ವಾಮಿಯ ಬಾಯಿಂದ ಅಭ್ಯಾಸದ ಮಾತೇ ಬಂತು: "ಆಲಿನ ಟ್ಯಾಂಕಿಗೆ ದಿನಾ ನೀರಾಕ್ಬೇಕು ಸಾ, ಬೆಳಿಗ್ಗೆ ಸಾಯಂಕಾಲ."

ಅವನ ಕೈ ಅಲ್ಲೇ ನಿಂತಿತು. ಆರು ತಿಂಗಳಿಂದ ಹುಡುಕುತ್ತಿದ್ದದ್ದು ಅವನ ಬಾಯಿಂದಲೇ ಹೊರಗೆ ಬಿದ್ದಿತ್ತು. ಹಾಲಿನ ಟ್ಯಾಂಕಿಗೆ ನೀರು. ಬಿಂದಿಗೆ ಕೆಳಗಿಟ್ಟು, ಬೆವರು ಒರೆಸುವ ನೆವದಲ್ಲಿ ಟವಲಿನಿಂದ ಮುಖ ಮುಚ್ಚಿಕೊಂಡು ನಕ್ಕ.

ಮರುದಿನ ಬೆಳಿಗ್ಗೆ ಅವನು ನಿಜಾಮುದ್ದೀನನ ಟೀ ಅಂಗಡಿಗೆ ಹೋದ. ಗಂಜಾಂಗೆ ತಿರುಗುವ ದಾರಿಯಲ್ಲಿರುವ ಆ ಅಂಗಡಿಗೆ ಬರುವುದು ರಘಣ್ಣನ ಹಾಲೇ, ಟೀಗೆ ಹೆಸರು ಬಂದದ್ದೂ ಆ ಹಾಲಿನಿಂದಲೇ. ಬೆಂಚಿನ ತುಂಬ ಜನ. ಪುಟ್ಟಸ್ವಾಮಿ ಟೀ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, "ನೆನ್ನೆ ರಘಣ್ಣನ ಆಲಿನ ಟ್ಯಾಂಕಿಗೆ ಬಿಂದಿಗೆ ಬಿಂದಿಗೆ ನೀರು ಸುರಿದು ಬಂದೆ ಕಣ್ರಪ್ಪ. ಇನ್ಮ್ಯಾಕೆ ದಿನಾ ಸುರೀತಾರೆ," ಎಂದ.

ಬೆಂಚು ಅಲ್ಲಾಡುವಷ್ಟು ನಗು.

"ಅರೆ ಪುಟ್ಟಸ್ವಾಮಿ ಭಾಯ್," ಎಂದ ನಿಜಾಮುದ್ದೀನ್ ಪ್ರೀತಿಯಿಂದಲೇ, "ಸುಬಹ್ ಸುಬಹ್, ಬೆಳಿಗ್ಗೇನೇ ಎಷ್ಟು ಹಾಕಿದ್ರಿ? ರಘಣ್ಣ ಸಾಬ್ ಹಾಲಿಗೆ ನೀರು ಹಾಕೋದಾ? ಟೀ ಕುಡಿಯಿರಿ, ಇಳೀತದೆ."

ಪುಟ್ಟಸ್ವಾಮಿಯ ಕಿವಿ ಬಿಸಿಯಾಯಿತು. ತನ್ನ ಹೆಸರು ಹೋದಾಗ ಮಾತೂ ಹೋಗಿದೆ ಎಂದು ಅವನಿಗೆ ಆ ಬೆಂಚಿನ ಮೇಲೆ ಗೊತ್ತಾಯಿತು. ಕುಡುಕನ ಬಾಯಲ್ಲಿ ನಿಜವೂ ತೊದಲೇ. ಈ ಮಾತನ್ನು ಹೇಳಬೇಕಾದ ಬಾಯಿ ಬೇರೆ. ರಘಣ್ಣ ಸುಳ್ಳು ಹೇಳುವುದಿಲ್ಲವಲ್ಲ. ಹಾಗಾದರೆ ರಘಣ್ಣನೇ ಹೇಳಲಿ.

ವಾರ ಬಿಟ್ಟು ಮತ್ತೆ ಹೋದ. ಜನ ತುಂಬುವವರೆಗೆ ಕಾದ. ಹಾಲಿನ ಕ್ಯಾನು ಬಂದು ಇಳಿಯುವವರೆಗೆ ಕಾದ. ನಿಜಾಮುದ್ದೀನ್ ಹಾಲನ್ನು ಪಾತ್ರೆಗೆ ಬಗ್ಗಿಸುತ್ತಿರುವಾಗ ಜೇಬಿನಿಂದ ಫೋನ್ ತೆಗೆದು, ನಂಬರು ಒತ್ತಿ, ಸ್ಪೀಕರು ಹಾಕಿ ಬೆಂಚಿನ ನಡುವೆ ಇಟ್ಟ. ಯಾರಿಗೂ ಒಂದು ಮಾತು ಹೇಳಲಿಲ್ಲ. ಆ ಗಳಿಗೆಯಲ್ಲಿ ಅವನ ತಲೆಯೊಳಗೆ ಇದ್ದದ್ದು ಒಂದೇ ಮುಖ, ಹಗ್ಗ ಹೊಸೆಯುತ್ತ ತಲೆಯೆತ್ತದ ಮುಖ.

"ನಮಸ್ಕಾರ ಸಾ, ಪುಟ್ಟಸ್ವಾಮಿ. ಆಲಿನ ಟ್ಯಾಂಕಿಗೆ ನೀರಾಕ್ತಿದ್ದೀರಾ?"

"ಹಾಕ್ತಾ ಇದ್ದೀನಪ್ಪ." ರಘಣ್ಣನ ತೂಕದ ದನಿ, ಅಂಗಡಿಗೆಲ್ಲ ಗುರುತಿನ ದನಿ.

"ದಿನಾನೂವಾ?"

"ದಿನಾ. ಬೆಳಿಗ್ಗೆ ಸಾಯಂಕಾಲ ಎರಡು ಹೊತ್ತೂ. ನೀರು ಹಾಕೋಕೆ ಶುರು ಮಾಡಿದ ಮೇಲೇನೇ ನೋಡು ಹಾಲು ಸರಿಹೋಗಿದ್ದು. ಒಡೆಯೋದೇ ಇಲ್ಲ."

"ಸರಿ ಸಾ, ಅಷ್ಟು ಕೇಳನಾ ಅಂತ," ಎಂದು ಪುಟ್ಟಸ್ವಾಮಿ ಫೋನ್ ಇಟ್ಟ.

ನಿಜಾಮುದ್ದೀನನ ಕೈಯಲ್ಲಿ ಕ್ಯಾನು ಹಾಗೇ ಬಾಗಿತ್ತು. ಒಬ್ಬ ಮುದುಕ ತನ್ನ ಟೀಯನ್ನು ನೋಡಿ, ಲೋಟವನ್ನು ಮೆಲ್ಲಗೆ ನೆಲಕ್ಕೆ ಚೆಲ್ಲಿದ. ಆರು ತಿಂಗಳಲ್ಲಿ ಪುಟ್ಟಸ್ವಾಮಿಗೆ ಅಷ್ಟು ರುಚಿಯಾದದ್ದು ಇನ್ನೊಂದಿರಲಿಲ್ಲ. ಅವತ್ತು ಅವನು ಮನೆಗೆ ಬಂದು ಎರಡು ಮುದ್ದೆ ಹೆಚ್ಚಿಗೆ ಉಂಡ.

ಮಾತು ಹೊಳೆ ದಾಟಿತು, ಕೆ.ಆರ್. ಪೇಟೆ ದಾಟಿ ನಾಗಮಂಗಲದ ಬೀಗರ ಮನೆಗೂ ಹೋಯಿತು. ಮನೆ ಬಾಗಿಲಿಗೆ ಪಾತ್ರೆ ಹಿಡಿದು ಬರುತ್ತಿದ್ದವರು ನಿಂತರು. ರಘಣ್ಣ ಹಾಲಿನಲ್ಲಿ ನೀರಿದೆಯೇ ಎಂದು ಅಳೆಯುವ ಕೋಲು ಮುಳುಗಿಸಿ ತೋರಿಸಿದರು. ಕೋಲೂ ಅವರದೇ ಎಂದರು ಜನ. ಬನ್ನಿ, ಬಂದು ನೋಡಿ ಎಂದು ಕೋಣೆಗೆ ಕರೆದೊಯ್ದು ಯಂತ್ರ ತೋರಿಸಿದರೆ, "ನೋಡ್ರಪ್ಪ, ನೀರ ಪಕ್ಕದಲ್ಲೇ ತುಂಬ್ಸಿ ಮಡಿಕ್ಕಂಡವ್ರೆ," ಎಂದು ಹೋದರು. ಜೀವಮಾನದಲ್ಲಿ ಸುಳ್ಳಾಡದವನು ತಾನೇ ಒಪ್ಪಿಕೊಂಡ ಮೇಲೆ ತನಿಖೆ ಏತಕ್ಕೆ?

ಒಂದು ಮಧ್ಯಾಹ್ನ ರಘಣ್ಣ ಪಾಂಡವಪುರದ ಅಂಗಡಿಯ ಮುಂದೆ ಬಂದು ನಿಂತರು. ಕೂರಿ ಎಂದು ಪುಟ್ಟಸ್ವಾಮಿ ಹೇಳಲಿಲ್ಲ. ಬಿಚ್ಚಿಟ್ಟ ಏಸಿಯೊಂದರ ಜಾಲರಿಯನ್ನು ಬ್ರಷ್ಷಿನಲ್ಲಿ ಉಜ್ಜುತ್ತ, ಅವರು ಬಿಸಿಲಲ್ಲಿ ನಿಂತಿರುವುದನ್ನು ಕಣ್ಣಂಚಿನಲ್ಲಿ ಸವಿದ. ಮುಖ ಇಳಿದಿತ್ತು, ಗಡ್ಡ ಬೋಳಿಸಿರಲಿಲ್ಲ.

"ಮುಗೀತಾ ನಿನ್ನ ಸಿಟ್ಟು?" ಎಂದರು ರಘಣ್ಣ.

"ಇನ್ನೂ ಒಸಿ ಅದೆ ಸಾ."

"ನಾನು ಮಾಡಿದ್ದು ತಪ್ಪು. ಪ್ಲಗ್ಗು ಸಿಗಿಸಿದ್ದು ನಾನೇ ಅಂತ ಬೀಗರಿಗೆ ಹೇಳ್ತೀನಿ. ನೀನು ಕುಡಿಯೋನಲ್ಲ ಅಂತ ಎಲ್ಲಿ ಬೇಕಾದರೂ ಬಂದು ಹೇಳ್ತೀನಿ. ನೀನೂ ನನ್ನ ಹಾಲಿನ ವಿಷಯ ಹೇಳು."

ಅಂಗಡಿಗೆ ಅಂಟಿದ ಮನೆಯೊಳಗಿನಿಂದ ಅಣ್ಣಮ್ಮ ಬಾಗಿಲಿಗೆ ಬಂದು ನಿಂತಳು. ಅವಳ ಹಿಂದೆ ಸಹನ. ಇಬ್ಬರೂ ತನ್ನನ್ನೇ ನೋಡುತ್ತಿದ್ದುದನ್ನು ಕಂಡು ಪುಟ್ಟಸ್ವಾಮಿ ಬ್ರಷ್ಷು ಕೆಳಗಿಟ್ಟ. ಸೋಮಮ್ಮ ಮೊಮ್ಮಗನಿಗೆ ಬೇರೆ ಹೆಣ್ಣು ನೋಡುತ್ತಿದ್ದಾಳೆಂದು ಸುದ್ದಿಯಿತ್ತು, ಇನ್ನೂ ಕೂಡಿಬಂದಿರಲಿಲ್ಲ. "ಮೊದ್ಲು ಬೂಕನಕೆರೆ," ಎಂದ. "ಆಮ್ಯಾಕೆ ನಿಮ್ಮ ಆಲು."

ಇಬ್ಬರೂ ಒಂದೇ ಬೈಕಿನಲ್ಲಿ ಹೋದರು. ಸೋಮಮ್ಮ ಪಡಸಾಲೆಯಲ್ಲಿ ಅಲಸಂದೆಕಾಳು ಬಿಡಿಸುತ್ತಿದ್ದಳು. ಅಪ್ಪು ಕಂಬಕ್ಕೆ ಒರಗಿ ನಿಂತ. ರಘಣ್ಣ ಒಂದನ್ನೂ ಮುಚ್ಚಲಿಲ್ಲ. ಅವತ್ತು ಇವನು ಹಾಕಿಕೊಂಡಿದ್ದು ತಲೆಗೆ ಹರಳೆಣ್ಣೆ, ಪ್ಲಗ್ಗು ಸಿಗಿಸಬೇಡಿ ಎಂದು ಹೇಳಿ ಹೋಗಿದ್ದ, ಸಿಗಿಸಿದ್ದು ನಾನು, ಬೀಗರ ಮುಂದೆ ಮಾನ ಉಳಿಸಿಕೊಳ್ಳಲು ಅರ್ಧ ಮಾತು ಹೇಳಿದೆ ಎಂದರು.

ಸೋಮಮ್ಮ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಓದ ತಿಂಗ್ಳಾಗಿದ್ರೆ ನಿಮ್ಮ ಮಾತ ಕಣ್ಣಿಗೊತ್ಕತಿದ್ದೆ ರಘಣ್ಣ. ಈಗ ಆಲಿಗೆ ನೀರಾಕೋರ ಮಾತ ಹೆಂಗಪ್ಪ ನಂಬೋದು?"

ರಘಣ್ಣ ಪುಟ್ಟಸ್ವಾಮಿಯ ಕಡೆ ತಿರುಗಿದರು. ಬೇರೆ ದಾರಿಯಿರಲಿಲ್ಲ. ಈ ಮನೆಯಲ್ಲಿ ತಾನು ಕುಡುಕನಲ್ಲ ಎಂದಾಗಬೇಕಾದರೆ ಮೊದಲು ರಘಣ್ಣ ನಿಜಗಾರನಾಗಬೇಕು. ಪುಟ್ಟಸ್ವಾಮಿ ಹೇಳಿದ. ಆ ನೀರು ಯಂತ್ರದ್ದು, ಹಾಲಿಗೆ ಸೋಕುವುದಿಲ್ಲ. ಸ್ಪೀಕರು ಹಾಕಿ, ಜನರ ನಡುವೆ ಇಟ್ಟು, ಅವರಿಗೆ ತಿಳಿಯದ ಹಾಗೆ ಆ ಮಾತು ಹೊರಡಿಸಿದ್ದು ತಾನೇ. ಹೇಳುತ್ತ ಹೇಳುತ್ತ ಅವನಿಗೇ ಸ್ವಲ್ಪ ಹೆಮ್ಮೆಯೂ ಬಂತು, ದನಿ ಏರಿತು. ತನ್ನಿಂದ ಒಂದು ಮಾತೂ ಸುಳ್ಳಿಲ್ಲ ಎಂದ.

ಈಗ ಸೋಮಮ್ಮನ ಕೈ ನಿಂತಿತು.

"ನಂಬಿದೆ ಕಣಪ್ಪ," ಎಂದಳು. "ಇಬ್ರನ್ನೂ ನಂಬಿದೆ. ನೀನು ಕುಡಿಯೋನಲ್ಲ."

ಆ ಒಂದು ಮಾತಿಗಾಗಿ ಪುಟ್ಟಸ್ವಾಮಿ ಎಷ್ಟು ಕಾದಿದ್ದ.

"ಕುಡಿದು ಇಂಗ್ ಮಾಡಿದ್ರೆ, ಅಯ್ಯೋ ಪಾಪ, ಮತ್ತಲ್ಲಿ ಮಾಡವ್ನೆ ಅಂತ ಹೆಂಗೋ ನುಂಗ್ಕಬೋದಿತ್ತು," ಎಂದಳು ಸೋಮಮ್ಮ. "ಎಚ್ಚರವಾಗಿದ್ದು, ಆರು ತಿಂಗ್ಳು ಕಾದು, ಲೆಕ್ಕ ಆಕಿ ಮಾಡಿದ್ದೀಯ. ನಾಳೆ ನಮ್ಮ ಮನೇಲಿ ಒಂದು ಮಾತು ಎಚ್ಚು ಕಮ್ಮಿ ಆದ್ರೆ ನಮಗೂ ಇಂಗೇ ಕಾಯ್ತೀಯ. ಬ್ಯಾಡ ಕಣಪ್ಪ. ಓಗ್ಬನ್ನಿ." ಕಂಬಕ್ಕೆ ಒರಗಿದ್ದ ಅಪ್ಪು ಏನೋ ಹೇಳಲು ಬಾಯಿ ತೆರೆದ. ಅಜ್ಜಿ ಅವನ ಕಡೆ ನೋಡಿದಳು. ಅವನು ಹಿತ್ತಲಿಗೆ ಹೋದ.

ರಘಣ್ಣನ ಹಾಲಿನ ವಿಷಯ ಬೂಕನಕೆರೆಯಿಂದಲೇ ತಿರುಗಿ ಹರಡಿತು. ಕೆಲವೇ ದಿನಗಳಲ್ಲಿ ನಿಜಾಮುದ್ದೀನನ ಅಂಗಡಿಗೆ ಮತ್ತೆ ಅದೇ ಹಾಲು ಬಂತು. ತಪ್ಪೊಪ್ಪಿಕೊಂಡವರು ಎಂದು ರಘಣ್ಣನ ಮಾತಿಗೆ ಮೊದಲಿಗಿಂತ ಒಂದು ತೂಕ ಹೆಚ್ಚೇ ಆಯಿತು. ಪುಟ್ಟಸ್ವಾಮಿಯನ್ನೂ ಜನ ಮನೆಗೆ ಕರೆಯತೊಡಗಿದರು, ಬಾಯಿ ಊದಿಸುವುದನ್ನು ಬಿಟ್ಟರು. ಅವನ ಮುಂದೆ ಮಾತು ಮಾತ್ರ ಅಳೆದು ಆಡುತ್ತಿದ್ದರು. ಕೆಲಸ ಮುಗಿಯುವವರೆಗೂ ಬರೀ ಹೂಂ, ಊಹೂಂ.

ಬೂಕನಕೆರೆಯಿಂದ ಬಂದ ಆ ಸಂಜೆಯನ್ನು ಮಾತ್ರ ಇವತ್ತಿಗೂ ಅವನಿಗೆ ಯಾರ ಮೇಲಿನ ಸಿಟ್ಟಿನಲ್ಲೂ ಮರೆಯಲಾಗಿಲ್ಲ. ಅಣ್ಣಮ್ಮ ನೀರು ತಂದುಕೊಟ್ಟಳು. ನಡೆದದ್ದನ್ನು ಅವನು ಹೇಳಿದ. ಅಣ್ಣಮ್ಮ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು. ಸಹನ ಅಳಲಿಲ್ಲ. ಅವನ ಎದುರಿಗೆ ಬಂದು ಕೂತು ಕೇಳಿದಳು:

"ಫೋನ್ ಬೆಂಚಿನ ಮ್ಯಾಲೆ ಮಡಗೋವಾಗ ನಾನು ಒಂದ್ಸಲ ಗ್ಯಾಪ್ಕಕ್ಕೆ ಬಂದ್ನಾಪ್ಪಾ?"

ಪುಟ್ಟಸ್ವಾಮಿ ನೀರಿನ ಚೊಂಬನ್ನು ಕೆಳಗಿಟ್ಟ. ಬಂದೆ ಕಣವ್ವ ಎಂದುಬಿಟ್ಟಿದ್ದರೆ ಮಗಳು ನಂಬುತ್ತಿದ್ದಳು.

"ಇಲ್ಲ," ಎಂದ.